ಬಿಡುಗಡೆಯೋ, ಹೊರದಬ್ಬುವಿಕೆಯೋ?

ಬಿಲ್ ಪಾವತಿಯಾದ ಕ್ಷಣಕ್ಕೆ ರೋಗಿಯ ಹೊಣೆಯೂ ತೀರಿತೆಂದು ನಮ್ಮ ಆಸ್ಪತ್ರೆಗಳು ಭಾವಿಸಿದಂತಿದೆ. ಈ ಭಾವನೆಗೆ ಅತ್ಯಧಿಕ ಬೆಲೆ ತೆರುತ್ತಿರುವವರು ಡಿಮೆನ್ಶಿಯಾ ಎಂಬ ಮರೆಗುಳಿ ರೋಗಕ್ಕೆ ತುತ್ತಾದ ವೃದ್ಧರು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, 60 ವರ್ಷ ಮೀರಿದ ಭಾರತೀಯರಲ್ಲಿ ಶೇ. 7.4 ಮಂದಿ, ಅರ್ಥಾತ್ ಸುಮಾರು 88 ಲಕ್ಷ ಜನರು ಈ ರೋಗದೊಂದಿಗೆ ಬದುಕುತ್ತಿದ್ದಾರೆ.

ಇವರಲ್ಲಿ ಅನೇಕರು ಆಸ್ಪತ್ರೆ ಸೇರುವುದು ಮರೆವಿಗಾಗಿ ಅಲ್ಲ. ಸೊಂಟದ ಮೂಳೆ ಮುರಿದು, ನ್ಯುಮೋನಿಯಾ ತಗಲಿ ಅಥವಾ ಮೂತ್ರದ ಸೋಂಕಿನಿಂದ. ಮೂಳೆಗೆ ಶಸ್ತ್ರಚಿಕಿತ್ಸೆಯಾಗುತ್ತದೆ, ಜ್ವರ ಇಳಿಯುತ್ತದೆ. ಆದರೆ ಸೋಂಕು, ಅಪರಿಚಿತ ವಾರ್ಡು, ನಿದ್ರೆಯಿಲ್ಲದ ರಾತ್ರಿಗಳು ಸೇರಿ ಅವರ ಗೊಂದಲ ಉಲ್ಬಣಿಸುತ್ತದೆ. ಅವರನ್ನು ಶಾಂತಗೊಳಿಸಲು ಆರಂಭಿಸಿದ ಮಾತ್ರೆ, ನಿಲ್ಲಿಸುವ ದಿನಾಂಕವೇ ಇಲ್ಲದೆ ಔಷಧ ಚೀಟಿಯಲ್ಲಿ ಉಳಿದು ಮನೆಗೂ ಬರುತ್ತದೆ. ಅದರ ಮಂಪರಿನಲ್ಲಿ ವೃದ್ಧರು ಮತ್ತೆ ಬೀಳುತ್ತಾರೆ. ಮತ್ತೆ ಅದೇ ಆಸ್ಪತ್ರೆ, ಅದೇ ಬಿಲ್ಲು. ಇದಕ್ಕೆ ಹೊಣೆ ಯಾರು?

ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 98ನೇ ಕಲಮು, ಬಿಡುಗಡೆಗೆ ಮುನ್ನ ರೋಗಿ ಹಾಗೂ ಆರೈಕೆದಾರರೊಂದಿಗೆ ಸಮಾಲೋಚಿಸಿ ಮುಂದಿನ ಚಿಕಿತ್ಸೆಯ ಯೋಜನೆ ರೂಪಿಸಬೇಕೆನ್ನುತ್ತದೆ. ಆದರೆ ಆ ಕರ್ತವ್ಯ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಸೀಮಿತ. ಮೂಳೆ ವಾರ್ಡಿನಲ್ಲಿ ಮಲಗಿರುವ ಮರೆಗುಳಿ ರೋಗಿಯ ಗತಿಯೇನು? ಇತ್ತ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 24ನೇ ಕಲಮು, ಆರೈಕೆಯ ಹೊಣೆ ಹೊತ್ತವರು ವೃದ್ಧರನ್ನು ತೊರೆದರೆ 3 ತಿಂಗಳವರೆಗೆ ಸೆರೆವಾಸ ವಿಧಿಸುತ್ತದೆ. ತೊರೆದ ಮಗ ಅಪರಾಧಿ, ಸರಿ. ಆದರೆ ಹೇಗೆ ಎತ್ತಬೇಕು, ಹೇಗೆ ಉಣಿಸಬೇಕು ಎಂದೂ ತಿಳಿಸದೆ ತಾಯಿಯನ್ನು ಅವನ ಕೈಗೆ ಒಪ್ಪಿಸಿದ ವ್ಯವಸ್ಥೆ ನಿರಪರಾಧಿಯೇ?

ವೈದ್ಯರಿಗೆ ಸಮಯವಿಲ್ಲ, ಸಿಬ್ಬಂದಿ ಸಾಲದು ಎಂಬ ಉತ್ತರ ಸಿದ್ಧವಾಗಿದೆ. ಸಿಬ್ಬಂದಿಯ ಕೊರತೆ ನಿಜ. ಆದರೆ ನಾವು ಕೇಳುತ್ತಿರುವುದು ಹೊಸ ಯಂತ್ರವನ್ನಲ್ಲ. ಮನೆಯಲ್ಲಿ ಯಾರಿದ್ದಾರೆ, ರಾತ್ರಿ ಯಾರು ಎಚ್ಚರವಿರುತ್ತಾರೆ ಎಂದು ದಾಖಲಾತಿಯ ದಿನವೇ ವಿಚಾರಿಸಲಿ. ಯಾವ ಮಾತ್ರೆಯನ್ನು ಎಂದು ನಿಲ್ಲಿಸಬೇಕೆಂದು ಕನ್ನಡದಲ್ಲಿ ಬರೆದುಕೊಡಲಿ. ನುಂಗಲು ಕಷ್ಟಪಡುವವರಿಗೆ ಉಣಿಸುವುದನ್ನೂ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನೂ ದಾದಿಯರು ಎದುರಿಗೇ ತೋರಿಸಿಕೊಡಲಿ. ತೊಂದರೆಯಾದಾಗ ಸಂಪರ್ಕಿಸಲು ಒಂದು ದೂರವಾಣಿ ಸಂಖ್ಯೆಯಿರಲಿ. ಇಷ್ಟಕ್ಕೂ ಸಮಯವಿಲ್ಲವೆನ್ನುವವರು, ಅದೇ ರೋಗಿ ಮರಳಿ ಬಂದಾಗ ಹಾಸಿಗೆಯನ್ನು ಎಲ್ಲಿಂದ ತರುತ್ತಾರೆ?

ಮನೆಯವರೂ ಆತ್ಮಾವಲೋಕನ ಮಾಡಿಕೊಳ್ಳಬೇಕು. 'ಮನೆಯವರು ನೋಡಿಕೊಳ್ಳುತ್ತಾರೆ' ಎಂಬ ಮಾತಿನ ಅರ್ಥ ಬಹುತೇಕ ಸೊಸೆ ಅಥವಾ ಮಗಳು ನೋಡಿಕೊಳ್ಳುತ್ತಾಳೆ ಎಂದೇ ಆಗಿದೆ. ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವವನು ಮಗ, ನಿದ್ದೆಗೆಡುವವಳು ಅವಳು. ಸಮಾಲೋಚನೆಗೆ ಮೊದಲು ಕರೆಯಬೇಕಾದದ್ದು ಅವಳನ್ನೇ ಅಲ್ಲವೇ?

98ನೇ ಕಲಮಿನ ಕರ್ತವ್ಯವನ್ನು ಮರೆಗುಳಿ ರೋಗಿಗಳಿರುವ ಪ್ರತಿಯೊಂದು ಆಸ್ಪತ್ರೆಗೂ ವಿಸ್ತರಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೊಂದು ಸುತ್ತೋಲೆ ಸಾಕು, ಅದರಿಂದಲೇ ಆರಂಭವಾಗಲಿ. ತನ್ನ ಹಕ್ಕನ್ನು ಕೇಳುವುದನ್ನೇ ಮರೆತವರ ಪರವಾಗಿ, ನೆನಪಿರುವ ನಾವು ಕೇಳಲೇಬೇಕು.