ಮತದಾನದ ಮರುದಿನವೂ ನೆರೆಯವರೇ
ಚುನಾವಣೆ ಸಮೀಪಿಸಿದಾಗಲೆಲ್ಲ ಮಲೆನಾಡಿನಲ್ಲಿ ಕಸ್ತೂರಿರಂಗನ್ ವರದಿಯ ಮಾತು ಕಾವೇರುತ್ತದೆ. ‘ಒಕ್ಕಲೆಬ್ಬಿಸುತ್ತಾರೆ’ ಎಂದು ಒಬ್ಬರು ಹೆದರಿಸಿದರೆ, ವಿರೋಧಿಸಿದವರೆಲ್ಲ ಕಾಡುಗಳ್ಳರೆಂದು ಇನ್ನೊಬ್ಬರು ಜರೆಯುತ್ತಾರೆ. ವಾಸ್ತವವಾಗಿ ಏನು ಬರೆದಿದೆಯೆಂಬುದು ಮಾತ್ರ ಈ ಗದ್ದಲದಲ್ಲಿ ಕೇಳಿಸದು.

2013ರ ಆ ವರದಿಯನ್ನು ಆಧರಿಸಿ 2024ರ ಜುಲೈನಲ್ಲಿ ಹೊರಟ ಆರನೆಯ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಅದರ ನಿಷೇಧಪಟ್ಟಿಯಲ್ಲಿರುವುದು ಗಣಿಗಾರಿಕೆ, ಕಲ್ಲುಕ್ವಾರಿ, ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, ಬೃಹತ್ ಕಟ್ಟಡಗಳು. ಅಡಿಕೆ, ಕಾಫಿ ತೋಟಗಳಲ್ಲ. ಆದರೆ ಗ್ರಾಮಸಭೆಯನ್ನು ಕೇಳದೆ ಉಪಗ್ರಹ ಚಿತ್ರ ನೋಡಿ ಗಡಿ ಎಳೆಯಲಾಯಿತೆಂಬ ರೈತರ ದೂರನ್ನೂ ತಳ್ಳಿಹಾಕಲಾಗದು.

ಮತ ಯಾಚಿಸಲು ಬಂದವರನ್ನು ಕೇಳಬೇಕಾದುದು ಇಷ್ಟೇ: ಯಾವ ನಿಬಂಧನೆಗೆ ವಿರೋಧ? ಬದಲಿಗೆ ಕಾಡನ್ನೂ ನೀರನ್ನೂ ಉಳಿಸುವ ದಾರಿ ಯಾವುದು? ಬಾವುಟಗಳು ಮತದಾನದ ಮರುದಿನ ಇಳಿಯುತ್ತವೆ. ಕೊನೆಕೊಯ್ಲಿಗೂ ಕಷ್ಟಕಾಲಕ್ಕೂ ಒದಗುವವರು ನೆರೆಯವರೇ.