ತೆರೆಯ ದೈವ, ಅಂಗಳದ ನರ್ತಕ

‘ಕಾಂತಾರ’ದ ಅಭಿನಯಕ್ಕೆ 2024ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ರಿಷಬ್ ಶೆಟ್ಟಿಯವರು ದೈವವನ್ನು ಅನುಕರಿಸಬೇಡಿರೆಂದು ಪ್ರೇಕ್ಷಕರನ್ನು ಕೇಳಿಕೊಂಡವರು. ಅವರ ಶ್ರದ್ಧೆಯನ್ನು ನಾನು ಶಂಕಿಸುವುದಿಲ್ಲ. ಆದರೆ ನಮ್ಮ ಆಲಂಕಾರಿನ ಸೀಮೆಯೂ ಸೇರಿದಂತೆ ತುಳುನಾಡಿನಲ್ಲಿ ಕೋಲ ಕಟ್ಟುವ ಹೊಣೆ ತಲೆಮಾರುಗಳಿಂದ ನಲಿಕೆ, ಪರವ, ಪಂಬದ ಕುಟುಂಬಗಳದು. ರಾತ್ರಿ ಗುತ್ತಿನ ಯಜಮಾನನಿಗೆ ನುಡಿಕೊಟ್ಟವನು ಬೆಳಗಾದರೆ ಅದೇ ಮನೆಯ ಅಂಗಳದಾಚೆ ನಿಲ್ಲಬೇಕಿದ್ದ ಕಾಲವೊಂದಿತ್ತು. ಚಿತ್ರದ ನಾಯಕನೂ ಕೋಲ ಕಟ್ಟುವ ಮನೆಯ ಮಗನೇ. ಚಿತ್ರ ತೆರೆಕಂಡ ಮೂರು ವಾರಗಳೊಳಗೆ, 2022ರ ಅಕ್ಟೋಬರಿನಲ್ಲಿ, ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಯ ಮಾಸಾಶನ ಘೋಷಿಸಿತು. (ಇಂಥ ವೇಗವನ್ನು ನನ್ನ ಸೇವಾವಧಿಯಲ್ಲಿ ಕಂಡದ್ದು ವಿರಳ.) ಮುಪ್ಪಿಗೆ ಅದೊಂದು ಆಸರೆ, ನಿಜ. ಆ ಮನೆಗಳ ಮಕ್ಕಳು ತಮ್ಮ ಕತೆಯನ್ನು ತಾವೇ ಬರೆದು ನಿರ್ದೇಶಿಸುವಷ್ಟು ಶಿಕ್ಷಣ, ಬಂಡವಾಳ ಅವರಿಗೆ ದಕ್ಕುವುದೆಂದು ಎಂಬ ಪ್ರಶ್ನೆಯನ್ನು ಆ ಆದೇಶವೂ ಕೇಳಲಿಲ್ಲ, ಪ್ರಶಸ್ತಿಯ ಸಂಭ್ರಮದಲ್ಲಿ ನಾವೂ ಕೇಳಲಿಲ್ಲ.