ತ್ವರಿತ ಪರೀಕ್ಷೆಯ ವರದಿಗೂ ತಾಳೆ ಬೇಕು

ಕಿರು ಕಾರ್ಖಾನೆಯೊಂದರ ಲೆಕ್ಕಪರಿಶೋಧನೆಗೆ ಹೋಗಿದ್ದಾಗ ಮಾಲೀಕರು ಕಾರ್ಮಿಕನೊಬ್ಬನ ಕ್ಷಯರೋಗದ ವರದಿಯನ್ನು ನನ್ನ ಮುಂದಿಟ್ಟರು. ‘ರಿಫಾಂಪಿಸಿನ್ ನಿರೋಧಕ’ ಎಂದು ಅದರಲ್ಲಿ ನಮೂದಾಗಿತ್ತು. “ಇವನ ಲೆಕ್ಕ ಚುಕ್ತಾ ಮಾಡಿಬಿಡೋಣವೇ ಸಾರ್?” ಎಂದು ಕೇಳಿದರು. ನಾನು ವೈದ್ಯನಲ್ಲ, ಆದರೆ ಒಂದೇ ವೋಚರ್ ನೋಡಿ ಲೆಕ್ಕ ಮುಗಿಸುವವನೂ ಅಲ್ಲ.

ಜೀನ್‌ಎಕ್ಸ್‌ಪರ್ಟ್ ಯಂತ್ರದ ಈ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2010ರ ಡಿಸೆಂಬರ್‌ನಲ್ಲಿ ಅನುಮೋದಿಸಿತು. ರೋಗಾಣುವನ್ನು ಬೆಳೆಸಿ ಪರೀಕ್ಷಿಸಲು ವಾರಗಟ್ಟಲೆ ಬೇಕು. ಇದಕ್ಕೆ ಸುಮಾರು ಎರಡು ಗಂಟೆ ಸಾಕು. ಈ ಉಪಕಾರ ಸಣ್ಣದಲ್ಲ. ಆದರೆ ಔಷಧಕ್ಕೆ ರೋಗಾಣು ಸಾಯುವುದೇ ಎಂಬುದನ್ನು ಈ ಪರೀಕ್ಷೆ ನೋಡುವುದಿಲ್ಲ. ವಂಶವಾಹಿಯೊಂದರ 81 ಅಕ್ಷರಗಳ ಭಾಗದಲ್ಲಿ ಮಾರ್ಪಾಡು ಇದೆಯೇ ಎಂಬುದನ್ನಷ್ಟೇ ನೋಡುತ್ತದೆ. ನಿರೋಧಕತೆಗೆ ಕಾರಣವಾಗುವ ಮಾರ್ಪಾಡುಗಳಲ್ಲಿ ಸುಮಾರು ಶೇ. 95 ಅಲ್ಲಿಯೇ ಇರುತ್ತವೆ, ಉಳಿದವು ತಪ್ಪಿಸಿಕೊಳ್ಳುತ್ತವೆ. ಸ್ವಾಜಿಲ್ಯಾಂಡ್‌ನಲ್ಲಿ (ಇಂದಿನ ಎಸ್ವಾಟಿನಿ) 2009ರ ಸಮೀಕ್ಷೆಯಲ್ಲಿ ದೊರೆತ ಬಹುಔಷಧ ನಿರೋಧಕ ತಳಿಗಳಲ್ಲಿ ಸುಮಾರು ಶೇ. 30ರಷ್ಟು ಈ ಭಾಗದ ಹೊರಗೆ ಮಾರ್ಪಾಡು ಹೊಂದಿದ್ದು, ಪರೀಕ್ಷೆಯ ಕಣ್ಣಿಗೆ ಬೀಳದಂಥವಾಗಿದ್ದವು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಉದಾಹರಣೆಗೆ, 1000 ಕ್ಷಯರೋಗಿಗಳಲ್ಲಿ 40 ಮಂದಿಗೆ ನಿಜವಾಗಿ ನಿರೋಧಕತೆ ಇದೆಯೆನ್ನೋಣ. ಪರೀಕ್ಷೆಯು ಇವರಲ್ಲಿ ಶೇ. 95ನ್ನು ಗುರುತಿಸಿದರೆ 38 ಮಂದಿ. ಉಳಿದ 960 ಮಂದಿಯಲ್ಲಿ ಶೇ. 2ರಷ್ಟು ತಪ್ಪಾದರೆ 19 ಮಂದಿ. ಅಂದರೆ ‘ನಿರೋಧಕ’ ಎನಿಸಿಕೊಂಡ 57 ಮಂದಿಯಲ್ಲಿ ಮೂವರಿಗೊಬ್ಬರು ಆ ಹಣೆಪಟ್ಟಿಗೆ ಅರ್ಹರಲ್ಲ. ಪರೀಕ್ಷೆ ಉತ್ತಮವೇ, ನಿರೋಧಕತೆ ವಿರಳವಾಗಿರುವಲ್ಲಿ ಫಲಿತಾಂಶದ ಬೆಲೆ ಕುಗ್ಗುತ್ತದೆ. ನಿರೋಧಕತೆಯ ಸಂಭವ ಕಡಿಮೆಯಿರುವ ರೋಗಿಗೆ ಹೊಸ ಕಫದ ಮಾದರಿಯಿಂದ ಮರುಪರೀಕ್ಷೆ ಮಾಡಬೇಕೆಂಬ ಸಲಹೆಯ ಹಿಂದಿರುವುದು ಈ ಗಣಿತವೇ.

ತಪ್ಪಿದರೆ ನಷ್ಟ ಯಾರಿಗೆ? ನಿರೋಧಕತೆ ತಪ್ಪಿಸಿಕೊಂಡರೆ ಫಲಿಸದ ಔಷಧ ಮುಂದುವರಿದು ರೋಗ ಹರಡುತ್ತದೆ. ಇಲ್ಲದ ನಿರೋಧಕತೆ ಕಂಡರೆ, ನರಗಳಿಗೂ ರಕ್ತಕಣಗಳಿಗೂ ಹಾನಿ ಮಾಡಬಲ್ಲ ಲಿನೆಜೋಲಿಡ್‌ನಂತಹ ಔಷಧವನ್ನು ಅಗತ್ಯವಿಲ್ಲದವನು ನುಂಗಬೇಕಾಗುತ್ತದೆ. ಜೊತೆಗೆ ಕೆಲಸವೂ ಹೋಗುತ್ತದೆ.

ಆದುದರಿಂದ ಸದಸ್ಯ ಉದ್ಯಮಿಗಳಲ್ಲಿ ನನ್ನ ವಿನಂತಿ ಇಷ್ಟೆ. ವೈದ್ಯರು ಆರಂಭಿಸಿದ ಚಿಕಿತ್ಸೆಗೆ ಅಡ್ಡಿಪಡಿಸಬೇಡಿ. ದೃಢೀಕರಣದ ಪರೀಕ್ಷೆ ಆಗಿದೆಯೇ ಎಂದು ಕಾರ್ಮಿಕನು ವೈದ್ಯರನ್ನು ಕೇಳಲಿ. ಸರ್ಕಾರದ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಪರೀಕ್ಷೆ ಹಾಗೂ ಔಷಧ ಉಚಿತ. ಇ.ಎಸ್.ಐ. ಅಡಿಯಲ್ಲಿ ಅರ್ಹ ಕಾರ್ಮಿಕನಿಗೆ ಕ್ಷಯಕ್ಕಾಗಿ ವಿಸ್ತೃತ ಅನಾರೋಗ್ಯ ಭತ್ಯೆಯೂ ಇದೆ. ವರದಿ ದೃಢಪಟ್ಟರೂ ಅದು ಚಿಕಿತ್ಸೆಗೆ ಆಧಾರವೇ ಹೊರತು ವಜಾ ಆದೇಶಕ್ಕಲ್ಲ. ಬ್ಯಾಂಕಿನ ಪಾಸ್‌ಬುಕ್ಕನ್ನೇ ತಾಳೆ ನೋಡದೆ ನಂಬದ ನಾವು, ಮನುಷ್ಯನ ಬದುಕಿನ ವಿಷಯದಲ್ಲಿ ಅಷ್ಟಾದರೂ ಎಚ್ಚರ ವಹಿಸಬೇಡವೇ?